ವರ್ಣಗಣಿತದಿಂದ ವರ್ಣಲೇಖನಕ್ಕೆ: ಬೇರ್ಪಡಿಕೆಯ ಲೆಕ್ಕದ ಚರಿತ್ರೆಯನ್ನು ಕುರಿತು ಕಾಗಿಣಾ ತೀರದಿಂದ ಒಂದು ವಿಚಾರ

೧

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಊರುಗಳ ಹೆಸರನ್ನೆತ್ತಿದೊಡನೆ ಮನಸ್ಸಿಗೆ ಮೊದಲು ಬರುವುದು ಕಲ್ಲು. ಭೀಮಾ ನದಿ ಮತ್ತು ಅದರ ಉಪನದಿಯಾದ ಕಾಗಿಣಾ ಹರಿಯುವ ಈ ಭಾಗದಲ್ಲಿ ಸುಣ್ಣಕಲ್ಲು ಪದರಪದರವಾಗಿ ಹಾಸಿಕೊಂಡಿದೆ. ಶಹಾಬಾದಿ ಫರಸಿ ಎಂಬ ಹೆಸರಿನಿಂದ ಅದು ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳೇ ಬೌದ್ಧ ಸ್ತೂಪದ ಮೈಯಾಗಿ, ‘ರಾಯೋ ಅಸೋಕೋ’ ಎಂಬ ಬರಹವನ್ನು ಇಂದಿನವರೆಗೂ ಉಳಿಸಿಕೊಂಡು ಬಂದಿವೆ. ನಿಜಾಮರ ಆಳ್ವಿಕೆಯ ಕಾಲಕ್ಕೇ ಶಹಾಬಾದದಲ್ಲಿ, ೧೯೬೮ರಲ್ಲಿ ವಾಡಿಯಲ್ಲಿ, ಅನಂತರ ಸೇಡಂ ಮತ್ತು ಮಳಖೇಡಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದುದಕ್ಕೂ ಈ ಕಲ್ಲೇ ಕಾರಣ.

ಆದರೆ ಈ ನೆಲಕ್ಕೆ ಇನ್ನೊಂದು ಸಂಪತ್ತೂ ಉಂಟು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಅದೇ ಅರಸನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನೆಂಬುದನ್ನು ಬಲ್ಲವರು ಕಡಿಮೆ.

ಪ್ರಾಚೀನ ಶಾಸ್ತ್ರಗಳ ವಿಚಾರ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಇಂದಿನ ವಿಜ್ಞಾನವೆಲ್ಲವೂ ನಮ್ಮ ಹಿರಿಯರಿಗೆ ತಿಳಿದಿದ್ದಿತೆಂಬುದು ಒಂದು. ಇಂದಿನ ಕೈಗಾರಿಕೆಯ ಲೆಕ್ಕಕ್ಕೂ ಆ ಹಳೆಯ ಓಲೆಗರಿಗಳಿಗೂ ಯಾವ ಸಂಬಂಧವೂ ಇಲ್ಲವೆಂಬುದು ಮತ್ತೊಂದು. ಎರಡೂ ಪರೀಕ್ಷೆಯಿಲ್ಲದೆ ಆಡುವ ಮಾತುಗಳು. ಬೆರೆತ ಪದಾರ್ಥಗಳನ್ನು ಬೇರ್ಪಡಿಸಿದಾಗ ಆ ಬೇರ್ಪಡಿಕೆಯು ಎಷ್ಟರಮಟ್ಟಿಗೆ ಸಫಲವಾಯಿತೆಂದು ಲೆಕ್ಕಹಾಕುವ ಬಗೆಯೊಂದನ್ನೇ ತೆಗೆದುಕೊಂಡು, ಈ ಎರಡು ಮಾತುಗಳನ್ನೂ ಒರೆಗೆ ಹಚ್ಚುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ನಾವು ಆಧುನಿಕ ರಸಾಯನಶಾಸ್ತ್ರದ ಕ್ರೊಮಾಟೋಗ್ರಫಿಯನ್ನು, ಎಂದರೆ ಕನ್ನಡದಲ್ಲಿ ವರ್ಣಲೇಖನವೆಂದು ಕರೆಯುವ ವಿಧಾನವನ್ನು, ಆರಿಸಿಕೊಂಡಿದ್ದೇವೆ.

೨

‘ಗಣಿತಸಾರಸಂಗ್ರಹ’ದ ಮಿಶ್ರಕವ್ಯವಹಾರವೆಂಬ ಪ್ರಕರಣದಲ್ಲಿ ಸುವರ್ಣಕುಟ್ಟೀಕಾರವೆಂಬ ಭಾಗವೊಂದಿದೆ. ಬೇರೆ ಬೇರೆ ಗುಣದ ಚಿನ್ನಗಳನ್ನು ಕರಗಿಸಿ ಕೂಡಿಸಿದಾಗ ಬರುವ ಚಿನ್ನದ ಗುಣವೇನು, ಬೇಕಾದ ಗುಣದ ಚಿನ್ನವನ್ನು ಪಡೆಯಲು ಯಾವ ಯಾವುದನ್ನು ಎಷ್ಟೆಷ್ಟು ಕೂಡಿಸಬೇಕು ಎಂಬ ಪ್ರಶ್ನೆಗಳು ಅಲ್ಲಿನ ವಿಷಯ. ಚಿನ್ನದ ಗುಣಕ್ಕೆ ಅಂದಿನ ಹೆಸರು ‘ವರ್ಣ’. ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಚಿನ್ನವನ್ನು ಎಳೆದು, ಬಿದ್ದ ಗೆರೆಯ ಬಣ್ಣವನ್ನು ಗೊತ್ತಾದ ಚಿನ್ನದ ಗೆರೆಯೊಡನೆ ಹೋಲಿಸಿ ಬೆಲೆಕಟ್ಟುತ್ತಿದ್ದುದರಿಂದ ಈ ಹೆಸರು ಸಾರ್ಥಕವಾಗಿದೆ. ಅಪ್ಪಟ ಚಿನ್ನಕ್ಕೆ ೧೬ ವರ್ಣ. ೧೨ ವರ್ಣದ ಚಿನ್ನವೆಂದರೆ ಅದರ ೧೬ ಭಾಗಗಳಲ್ಲಿ ೧೨ ಭಾಗ ಮಾತ್ರ ಚಿನ್ನ, ಮಿಕ್ಕ ೪ ಭಾಗ ಬೆರಕೆ.

ಲೆಕ್ಕದ ತಿರುಳು ಸರಳವಾದುದು. ಪ್ರತಿಯೊಂದು ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಿ, ಬಂದುದೆಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಮಿಶ್ರಣದ ವರ್ಣ ದೊರೆಯುವುದು. ೧೦ ವರ್ಣದ ೪ ತೊಲ, ೧೪ ವರ್ಣದ ೪ ತೊಲ ಎಂದು ಭಾವಿಸೋಣ. ಗುಣಲಬ್ಧಗಳು ೪೦ ಮತ್ತು ೫೬, ಮೊತ್ತ ೯೬, ಅದನ್ನು ೮ರಿಂದ ಭಾಗಿಸಿದರೆ ಮಿಶ್ರಣವು ೧೨ ವರ್ಣ. ಭಾಸ್ಕರಾಚಾರ್ಯನು ‘ಲೀಲಾವತಿ’ಯಲ್ಲಿ (ಕ್ರಿ. ಶ. ೧೧೫೦) ಇನ್ನೊಂದು ಹೆಜ್ಜೆಯನ್ನೂ ಸ್ಪಷ್ಟವಾಗಿ ಹೇಳಿದ್ದಾನೆ: ಅದೇ ಮೊತ್ತವನ್ನು ಪುಟವಿಟ್ಟು ಶೋಧಿಸಿದ ಚಿನ್ನದ ತೂಕದಿಂದ ಭಾಗಿಸಿದರೆ ಶೋಧಿತ ಚಿನ್ನದ ವರ್ಣವೂ, ಶೋಧಿತ ವರ್ಣದಿಂದ ಭಾಗಿಸಿದರೆ ಅದರ ತೂಕವೂ ತಿಳಿಯುವುವು. ನಮ್ಮ ಉದಾಹರಣೆಯಲ್ಲಿ ೯೬ನ್ನು ೧೬ರಿಂದ ಭಾಗಿಸಿದರೆ ೬ ತೊಲ ಅಪ್ಪಟ ಚಿನ್ನ ಬರತಕ್ಕದ್ದು.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಕರಗಿಸಿದರೂ ಕೂಡಿಸಿದರೂ ಶೋಧಿಸಿದರೂ ಒಳಗಿದ್ದ ಚಿನ್ನದ ಮೊತ್ತ ಬದಲಾಗದೆಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲವೂ ನಿಂತಿದೆ. ಒಳಗೆ ಹೋದದ್ದು ಹೊರಗೆ ಬರಲೇಬೇಕು. ಬಾರದಿದ್ದರೆ ಅದು ಎಲ್ಲಿಯೋ ಇದೆಯೆಂದೇ ಅರ್ಥ. ಅಕ್ಕಸಾಲಿಗನು ೬ ತೊಲಕ್ಕೆ ಬದಲಾಗಿ ೫.೭ ತೊಲ ಅಪ್ಪಟ ಚಿನ್ನವನ್ನು ತಂದುಕೊಟ್ಟನೆಂದರೆ, ಅವನ ಚಿನ್ನದ ಶುದ್ಧತೆಯಲ್ಲಿ ಕೊರತೆಯಿಲ್ಲ. ಆದರೆ ನೂರಕ್ಕೆ ೯೫ರಷ್ಟು ಮಾತ್ರ ಒಡೆಯನ ಕೈ ಸೇರಿತು. ಶುದ್ಧತೆ ಬೇರೆ, ಪ್ರಾಪ್ತಿ ಬೇರೆ. ಈ ಎರಡನ್ನು ಬೇರೆಬೇರೆಯಾಗಿ ಎಣಿಸುವುದೇ ಬೇರ್ಪಡಿಕೆಯ ಲೆಕ್ಕದ ಮೊದಲ ಪಾಠ.

ಮಹಾವೀರನ ಗ್ರಂಥಕ್ಕೂ ಈ ಪ್ರದೇಶಕ್ಕೂ ಇರುವ ಸಂಬಂಧದ ವಿಷಯದಲ್ಲಿ ಎಚ್ಚರ ಅಗತ್ಯ. ಗ್ರಂಥದ ಆರಂಭದಲ್ಲಿ ಅವನು ಅಮೋಘವರ್ಷನ ಆಳ್ವಿಕೆಯನ್ನು ಹೊಗಳಿದ್ದಾನೆ. ಆ ಅರಸನ ರಾಜಧಾನಿ ಕಾಗಿಣಾ ತೀರದ ಮಾನ್ಯಖೇಟ. ಸಂಬಂಧವು ಇಷ್ಟರದು; ಇದಕ್ಕೆ ಮೀರಿ ಹೇಳಲು ನಾವು ಹೋಗೆವು.

೩

ಇನ್ನು ಒಂದು ಸಾವಿರ ವರ್ಷಗಳನ್ನು ದಾಟಿ ಐರೋಪ್ಯ ಸಸ್ಯಶಾಸ್ತ್ರಜ್ಞನೊಬ್ಬನ ಪ್ರಯೋಗಶಾಲೆಗೆ ಬರೋಣ. ಮಿಖಾಯಿಲ್ ಸ್ವೆಟ್ ಎಂಬ ರಷ್ಯನ್ ವಿಜ್ಞಾನಿಯು ೧೯೦೩ರಲ್ಲಿ ವಾರ್ಸಾ ನಗರದ ಸಭೆಯೊಂದರಲ್ಲಿ ತನ್ನ ಹೊಸ ವಿಧಾನವನ್ನು ಮೊದಲು ವಿವರಿಸಿದನು. ೧೯೦೬ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಅದಕ್ಕೆ ಕ್ರೊಮಾಟೋಗ್ರಫಿ ಎಂಬ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಬಣ್ಣದ ಬರವಣಿಗೆ ಎಂದರ್ಥ. ಅವನ ಮನೆತನದ ಹೆಸರಿಗೂ ರಷ್ಯನ್ ಭಾಷೆಯಲ್ಲಿ ಬಣ್ಣವೆಂಬ ಅರ್ಥವೇ ಇದೆ.

ಸಣ್ಣ ಗಾಜಿನ ಕೊಳವೆಯೊಂದರಲ್ಲಿ ನುಣುಪಾದ ಪುಡಿಯನ್ನು ಬಿಗಿಯಾಗಿ ತುಂಬಿ, ಎಲೆಯ ಹಸುರನ್ನು ಕರಗಿಸಿಕೊಂಡ ದ್ರಾವಣವನ್ನು ಮೇಲಿನಿಂದ ಸುರಿದು, ಅದರ ಹಿಂದೆ ಶುದ್ಧವಾದ ದ್ರಾವಕವನ್ನು ಬಿಡುವುದೇ ವಿಧಾನ. ಒಂದೇ ಹಸುರಾಗಿ ಕಂಡುದು ಕೊಳವೆಯಲ್ಲಿ ಇಳಿಯುತ್ತ ನೀಲಹಸುರು, ಹಳದಿಹಸುರು, ಹಳದಿ ಎಂಬ ಬೇರೆಬೇರೆ ಪಟ್ಟೆಗಳಾಗಿ ಒಡೆದು ನಿಂತಿತು. ಪುಡಿಯ ಕಣಗಳ ಮೇಲ್ಮೈಗೆ ಹೆಚ್ಚು ಅಂಟಿಕೊಳ್ಳುವ ವಸ್ತು ಹಿಂದೆ ಉಳಿಯುವುದು. ಕಡಿಮೆ ಅಂಟಿಕೊಳ್ಳುವುದು ಮುಂದೆ ಹೋಗುವುದು. ಹೀಗೆ ಮೇಲ್ಮೈಗೆ ಅಂಟಿಸಿಕೊಳ್ಳುವ ಪುಡಿಯನ್ನು ಅಧಿಶೋಷಕವೆನ್ನುವರು. ಸ್ವೆಟ್ ನೂರಕ್ಕೂ ಹೆಚ್ಚು ಪುಡಿಗಳನ್ನು ಪರೀಕ್ಷಿಸಿದನು. ಎಲೆಯ ಬಣ್ಣಗಳಿಗೆ ಅವನಿಗೆ ಒದಗಿಬಂದವುಗಳಲ್ಲಿ ಮುಖ್ಯವಾದುದು ಕ್ಯಾಲ್ಸಿಯಂ ಕಾರ್ಬೊನೇಟ್, ಅರ್ಥಾತ್ ಸೀಮೆಸುಣ್ಣ.

ಶಹಾಬಾದದ ಫರಸಿಯ ಪ್ರಧಾನ ಧಾತುವೂ ಇದೇ. ಆದರೆ ಇಲ್ಲಿಯೂ ಎಚ್ಚರ ಬೇಕು. ವಸ್ತು ಒಂದೇ ಆದರೂ ನಮ್ಮ ಕಲ್ಲಿನಲ್ಲಿ ಜೇಡಿಯೂ ಸಿಲಿಕವೂ ಬೆರೆತಿವೆ. ಸಿಮೆಂಟಿಗೆ ಈ ಬೆರಕೆಯಿಂದ ಕೇಡಿಲ್ಲ. ಬೇಕಾದುದನ್ನು ಅದು ಸ್ವಲ್ಪ ಒದಗಿಸುವುದೂ ಉಂಟು. ಸ್ತಂಭದಲ್ಲಿ ತುಂಬುವ ಪುಡಿಯಾದರೋ ಶುದ್ಧವಾಗಿರಬೇಕು, ಒಣಗಿರಬೇಕು, ಕಣಗಳು ಆದಷ್ಟೂ ಒಂದೇ ಗಾತ್ರದವಾಗಿರಬೇಕು. ಒಂದೇ ವಸ್ತುವಿನ ಬೆಲೆ ಅದು ಮಾಡಬೇಕಾದ ಕೆಲಸವನ್ನು ಅನುಸರಿಸುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಸ್ವೆಟ್‌ನ ವಿಧಾನವು ಬಹುಕಾಲ ಮೂಲೆಗುಂಪಾಗಿದ್ದಿತು. ಪುಡಿಯನ್ನು ತಾಕಿದ ಬಣ್ಣಗಳು ಕೆಟ್ಟು ಬೇರೆ ವಸ್ತುಗಳಾಗಬಹುದೆಂಬ ಸಂಶಯ, ದೊರೆಯುವ ಪ್ರಮಾಣ ತೀರ ಅಲ್ಪವೆಂಬ ಅಸಡ್ಡೆ, ಇವೆರಡೂ ಅದಕ್ಕೆ ಅಡ್ಡಬಂದವು. ೧೯೩೧ರಲ್ಲಿ ಹೈಡೆಲ್‌ಬರ್ಗಿನಲ್ಲಿ ಕೂನ್, ಲೆಡರರ್, ವಿಂಟರ್‌ಸ್ಟೈನ್ ಎಂಬವರು ಸಸ್ಯಗಳ ಹಳದಿ ಬಣ್ಣಗಳನ್ನು ಇದೇ ರೀತಿಯಲ್ಲಿ ಬೇರ್ಪಡಿಸಿ ತೋರಿಸಿದ ಮೇಲೆ ಅದಕ್ಕೆ ಮರುಜೀವ ಬಂದಿತು.

೪

ಸ್ವೆಟ್‌ನಿಗೆ ಪಟ್ಟೆಗಳು ಕಣ್ಣಿಗೆ ಕಂಡವು. ಬೇರ್ಪಟ್ಟವೆಂದು ಹೇಳಲು ಅಷ್ಟೇ ಸಾಕಾಯಿತು. ಎಷ್ಟು ಬೇರ್ಪಟ್ಟವು, ಸ್ತಂಭವನ್ನು ಇನ್ನಷ್ಟು ಉದ್ದ ಮಾಡಿದರೆ ಎಷ್ಟು ಬೇರ್ಪಡುವುವು ಎಂಬುದಕ್ಕೆ ಅಂಕೆಯ ಉತ್ತರವನ್ನು ಕೊಟ್ಟವರು ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್. ಲೀಡ್ಸ್ ನಗರದ ಉಣ್ಣೆ ಸಂಶೋಧನಾಲಯದಲ್ಲಿ ಉಣ್ಣೆಯ ಅಮೈನೋ ಆಮ್ಲಗಳನ್ನು ಬೇರ್ಪಡಿಸುವ ಕೆಲಸದಲ್ಲಿ ತೊಡಗಿದ್ದ ಅವರು ೧೯೪೧ರಲ್ಲಿ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ೧೯೫೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಅವರು ಉಪಮಾನವನ್ನು ಪಡೆದುದು ಭಟ್ಟಿ ಇಳಿಸುವ ಗೋಪುರದಿಂದ. ಅಲ್ಲಿ ಒಂದರ ಮೇಲೊಂದು ತಟ್ಟೆಗಳಿದ್ದು, ಪ್ರತಿಯೊಂದು ತಟ್ಟೆಯಲ್ಲಿಯೂ ಮೇಲೇರುವ ಆವಿಯೂ ಕೆಳಗಿಳಿಯುವ ದ್ರವವೂ ಪರಸ್ಪರ ಹೊಂದಿಕೊಳ್ಳುತ್ತವೆ. ವರ್ಣಲೇಖನದ ಸ್ತಂಭದಲ್ಲಿ ತಟ್ಟೆಗಳಿಲ್ಲ. ಆದರೂ ಇವೆಯೆಂದು ಭಾವಿಸಿ, ಚಲಿಸುವ ದ್ರವಕ್ಕೂ ನಿಂತ ಪದಾರ್ಥಕ್ಕೂ ಒಂದು ಬಾರಿ ಹೊಂದಿಕೆಯಾಗಲು ಬೇಕಾಗುವ ಸ್ತಂಭದ ಉದ್ದವನ್ನು ಒಂದು ಸೈದ್ಧಾಂತಿಕ ತಟ್ಟೆಯೆಂದು ಕರೆದರು. ತಟ್ಟೆಗಳ ಸಂಖ್ಯೆ ಹೆಚ್ಚಿದಷ್ಟೂ ಪಟ್ಟೆ ಕಿರಿದಾಗುವುದು.

ಸಂಖ್ಯೆಯನ್ನು ಎಣಿಸುವ ಬಗೆ ಹೀಗಿದೆ. ವಸ್ತುವು ಸ್ತಂಭದಿಂದ ಹೊರಬರಲು ತೆಗೆದುಕೊಂಡ ಕಾಲವನ್ನು ಅದರ ಪಟ್ಟೆಯ ಅಗಲದಿಂದ ಭಾಗಿಸಿ, ಬಂದುದನ್ನು ವರ್ಗಮಾಡಿ, ೧೬ರಿಂದ ಗುಣಿಸಬೇಕು. ೨೦ ನಿಮಿಷಕ್ಕೆ ಹೊರಬಂದ ಪಟ್ಟೆಯು ತಳದಲ್ಲಿ ೨ ನಿಮಿಷ ಅಗಲವಾಗಿದ್ದರೆ ಭಾಗಲಬ್ಧ ೧೦, ಅದರ ವರ್ಗ ೧೦೦, ತಟ್ಟೆಗಳು ೧೬೦೦. ಇಲ್ಲಿ ಬರುವ ೧೬ಕ್ಕೂ ಅಪ್ಪಟ ಚಿನ್ನದ ೧೬ ವರ್ಣಕ್ಕೂ ಯಾವ ನಂಟೂ ಇಲ್ಲ. ಪಟ್ಟೆಯ ಆಕಾರದ ಗಣಿತದಿಂದ ಅದು ಹುಟ್ಟಿದೆ. ಇಂಥ ಆಕಸ್ಮಿಕ ಸಾಮ್ಯಗಳಿಂದಲೇ ಚರಿತ್ರೆಯ ಬರವಣಿಗೆ ದಾರಿ ತಪ್ಪುವುದರಿಂದ ಈ ಮಾತನ್ನು ಸ್ಪಷ್ಟಪಡಿಸಬೇಕಾಯಿತು.

ಎರಡು ಪಟ್ಟೆಗಳ ನಡುವಣ ಅಂತರವನ್ನು ಅವುಗಳ ಅಗಲಗಳ ಸರಾಸರಿಯಿಂದ ಭಾಗಿಸಿದರೆ ಪೃಥಕ್ಕರಣಾಂಕ ಬರುವುದು. ಮೊದಲ ಪಟ್ಟೆ ೨೦ ನಿಮಿಷಕ್ಕೆ, ಎರಡನೆಯದು ೨೩ ನಿಮಿಷಕ್ಕೆ ಬಂದು, ಎರಡೂ ೨ ನಿಮಿಷ ಅಗಲವಾಗಿದ್ದರೆ ಅಂಕವು ೧.೫. ಸಮನಾದ ಎರಡು ಪಟ್ಟೆಗಳು ಬಹುಮಟ್ಟಿಗೆ ಪೂರ್ಣವಾಗಿ ಬೇರ್ಪಡಲು ಇಷ್ಟು ಸಾಕು. ಈ ಅಂಕವು ತಟ್ಟೆಗಳ ಸಂಖ್ಯೆಯ ವರ್ಗಮೂಲವನ್ನು ಅನುಸರಿಸಿ ಹೆಚ್ಚುವುದರಿಂದ, ಅದನ್ನು ಇಮ್ಮಡಿ ಮಾಡಬೇಕಾದರೆ ಸ್ತಂಭದ ಉದ್ದವನ್ನು ನಾಲ್ಮಡಿ ಮಾಡಬೇಕಾಗುವುದು.

ಪಟ್ಟೆ ಅಗಲವಾಗುವುದೇಕೆ ಎಂಬ ಪ್ರಶ್ನೆಗೆ ೧೯೫೬ರಲ್ಲಿ ವಾನ್ ಡೀಮ್ಟರ್ ಮತ್ತು ಅವರ ಸಹೋದ್ಯೋಗಿಗಳು ಉತ್ತರವಿತ್ತರು. ಕಣಗಳ ನಡುವೆ ದಾರಿಗಳು ಒಂದೇ ಉದ್ದದವಲ್ಲ. ವಸ್ತುವು ತನ್ನಷ್ಟಕ್ಕೆ ತಾನೇ ಹಿಂದು ಮುಂದಕ್ಕೆ ಹರಡಿಕೊಳ್ಳುವುದು. ದ್ರವದಿಂದ ಕಣಕ್ಕೆ, ಕಣದಿಂದ ದ್ರವಕ್ಕೆ ಹೋಗಿಬರಲು ಅದಕ್ಕೆ ಹೊತ್ತು ಬೇಕು. ದ್ರವ ತೀರ ನಿಧಾನವಾಗಿ ಹರಿದರೆ ಎರಡನೆಯ ಕಾರಣವೂ, ತೀರ ವೇಗವಾಗಿ ಹರಿದರೆ ಮೂರನೆಯದೂ ಪ್ರಬಲವಾಗುವುದು. ಇವೆರಡರ ನಡುವೆ ಸ್ತಂಭವು ಅತ್ಯುತ್ತಮವಾಗಿ ಕೆಲಸಮಾಡುವ ವೇಗವೊಂದುಂಟು.

ಮಹಾವೀರನ ಗಣಿತದಲ್ಲಿಲ್ಲದ ಅಂಶ ಇದೇ. ಅವನ ಲೆಕ್ಕವು ಎಷ್ಟು ಹೋಯಿತು, ಎಷ್ಟು ಬಂದಿತು ಎಂಬುದನ್ನು ಹೇಳುವುದು. ಬೇರ್ಪಡಿಕೆ ಏಕೆ ಅಪೂರ್ಣವಾಯಿತು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುವು ಅಲ್ಲಿ ಪ್ರಶ್ನೆಗಳೇ ಅಲ್ಲ. ಕಾಲವನ್ನು ಬೇರ್ಪಡಿಕೆಯ ಲೆಕ್ಕದೊಳಕ್ಕೆ ತಂದುದು ಇಪ್ಪತ್ತನೆಯ ಶತಮಾನದ ಕೊಡುಗೆ. ಹಿರಿಯರಿಗೆ ಎಲ್ಲವೂ ತಿಳಿದಿದ್ದಿತೆಂಬ ಮೊದಲನೆಯ ಮಾತು ಇಲ್ಲಿಗೆ ನಿಂತುಹೋಗುವುದು.

೫

ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಬಂದಾಗ ಚಿತ್ರ ಮತ್ತೆ ಬದಲಾಗುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅದರ ಅನಂತರವೂ ಅಮೆರಿಕದ ಏಮ್ಸ್‌ನಲ್ಲಿ ಸ್ಪೆಡ್ಡಿಂಗ್ ಮತ್ತು ಅವರ ಸಂಗಡಿಗರು ಒಂದನ್ನೊಂದು ಬಿಡದ ವಿರಳ ಭಸ್ಮ ಧಾತುಗಳನ್ನು ಅಯಾನು ವಿನಿಮಯದ ರಾಳ ತುಂಬಿದ ಸ್ತಂಭಗಳಿಂದ ಬೇರ್ಪಡಿಸಿ, ಕಿಲೋಗ್ರಾಂ ಪ್ರಮಾಣದಲ್ಲಿ ಪಡೆದರು. ೧೯೬೧ರಲ್ಲಿ ಬ್ರೌಟನ್ ಮತ್ತು ಗೆರ್‌ಹೋಲ್ಡ್ ಎಂಬವರು ಪಡೆದ ಪೇಟೆಂಟಿನ ವಿಧಾನದಲ್ಲಿ, ಪುಡಿಯನ್ನು ನಿಂತಲ್ಲಿಯೇ ನಿಲ್ಲಿಸಿ, ದ್ರವವನ್ನು ಒಳಬಿಡುವ ಮತ್ತು ಹೊರತೆಗೆಯುವ ಬಾಯಿಗಳನ್ನೇ ಹೊತ್ತುಹೊತ್ತಿಗೆ ಮುಂದಕ್ಕೆ ಸರಿಸುವುದರಿಂದ, ಪುಡಿಯೇ ಎದುರು ದಿಕ್ಕಿಗೆ ಚಲಿಸಿದಂತಾಗುವುದು. ನಿಂತುನಿಂತು ನಡೆಯುತ್ತಿದ್ದ ಬೇರ್ಪಡಿಕೆ ಇದರಿಂದ ನಿರಂತರವಾಯಿತು.

ಪ್ರಯೋಗಶಾಲೆಯಲ್ಲಿ ಸ್ತಂಭಕ್ಕೆ ಹಾಕುವುದು ತೊಟ್ಟು ಮಾತ್ರ. ಕಾರ್ಖಾನೆಯಲ್ಲಿ ಪುಡಿಗೆ ಹಿಡಿಯುವಷ್ಟನ್ನೂ ಹಾಕುವರು. ಆಗ ಅಂಟಿಕೊಳ್ಳುವ ಜಾಗಕ್ಕಾಗಿ ಕಣಗಳ ಮೇಲೆ ಪೈಪೋಟಿ ಹುಟ್ಟಿ, ಪಟ್ಟೆಗಳು ತಮ್ಮ ಸಮ ಆಕಾರವನ್ನು ಕಳೆದುಕೊಂಡು, ಒಂದು ಕಡೆ ಕಡಿದಾಗಿ ಮತ್ತೊಂದು ಕಡೆ ಬಾಲದಂತೆ ಎಳೆದುಕೊಳ್ಳುತ್ತವೆ. ತೊಟ್ಟಿನಿಂದ ಎಣಿಸಿದ ೧೬೦೦ ತಟ್ಟೆಗಳು ಇಲ್ಲಿ ಪೂರ್ತಿ ಭರವಸೆ ಕೊಡಲಾರವು. ಕಾರ್ಖಾನೆಯ ಲೆಕ್ಕಿಗನು ನಾಲ್ಕು ಅಂಕೆಗಳನ್ನು ಒಟ್ಟಿಗೆ ಕೇಳಬೇಕಾಗುತ್ತದೆ: ಶುದ್ಧತೆ ಎಷ್ಟು, ಪ್ರಾಪ್ತಿ ಎಷ್ಟು, ಪುಡಿಯ ಒಂದು ಘನಮಾನಕ್ಕೆ ಗಂಟೆಗೆ ಎಷ್ಟು ಉತ್ಪನ್ನ, ಅದಕ್ಕೆ ತಗುಲಿದ ದ್ರಾವಕವೆಷ್ಟು.

ಸಕ್ಕರೆಯ ಪಾಕವೊಂದರ ಉದಾಹರಣೆಯನ್ನು ನೋಡೋಣ. ಗ್ಲೂಕೋಸ್ ೫೦ ಕಿಲೋ, ಫ್ರಕ್ಟೋಸ್ ೫೦ ಕಿಲೋ ಸ್ತಂಭಕ್ಕೆ ಹೋದುವೆನ್ನೋಣ. ಮಧ್ಯದ ಭಾಗವನ್ನು ಮಾತ್ರ ಹಿಡಿದುಕೊಂಡಾಗ ೪೦ ಕಿಲೋ ಫ್ರಕ್ಟೋಸ್, ೧ ಕಿಲೋ ಗ್ಲೂಕೋಸ್ ಬಂದರೆ ಶುದ್ಧತೆ ನೂರಕ್ಕೆ ೯೭.೬, ಪ್ರಾಪ್ತಿ ೮೦. ಅಂಚನ್ನು ಸ್ವಲ್ಪ ಹಿಗ್ಗಿಸಿ ೪೫ ಮತ್ತು ೫ ಕಿಲೋ ಹಿಡಿದರೆ ಎರಡೂ ೯೦. ಇನ್ನೂ ಹಿಗ್ಗಿಸಿ ೪೯ ಮತ್ತು ೧೨ ಕಿಲೋ ಹಿಡಿದರೆ ಪ್ರಾಪ್ತಿ ೯೮ಕ್ಕೆ ಏರಿ ಶುದ್ಧತೆ ೮೦.೩ಕ್ಕೆ ಇಳಿಯುವುದು. ಸ್ತಂಭ ಒಂದೇ, ತಟ್ಟೆಗಳು ಅಷ್ಟೇ. ಎಲ್ಲಿ ಕತ್ತರಿಸಿದೆವೆಂಬುದು ಮಾತ್ರ ಬೇರೆ. ಶುದ್ಧತೆಯೊಂದನ್ನೇ ಹೇಳಿದವನು ಅರ್ಧ ಮಾತ್ರ ಹೇಳಿದಂತಾಯಿತು.

ಈ ಉದಾಹರಣೆ ಕೇವಲ ಕಲ್ಪನೆಯದಲ್ಲ. ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಬೇರ್ಪಡಿಕೆ ೧೯೭೦ರ ದಶಕದಿಂದ ದೊಡ್ಡ ಉದ್ಯಮವಾಗಿ ಬೆಳೆದಿದೆ. ಅದರಲ್ಲಿ ಬಳಸುವ ರಾಳವು ಕ್ಯಾಲ್ಸಿಯಂ ಅಯಾನುಗಳನ್ನು ಹೊತ್ತಿರುವುದು. ಆ ಅಯಾನು ಫ್ರಕ್ಟೋಸನ್ನು ಹೆಚ್ಚು ಹಿಡಿದಿಡುವುದರಿಂದಲೇ ಬೇರ್ಪಡಿಕೆ ಸಾಧ್ಯವಾಗುವುದು. ಸ್ವೆಟ್‌ನ ಕೊಳವೆಯಲ್ಲಿದ್ದ ಧಾತುವೇ ಇಲ್ಲಿ ಬೇರೊಂದು ವೇಷದಲ್ಲಿ ಬಂದಿದೆ. ಮೆಕ್ಕೆಜೋಳದ ಪಾಕದಲ್ಲಿ ನೂರಕ್ಕೆ ೪೨ರಷ್ಟು ಫ್ರಕ್ಟೋಸ್ ಇರುವಂತೆ ಮೊದಲು ಮಾಡಿ, ಅದರ ಒಂದು ಭಾಗವನ್ನು ಸ್ತಂಭದಲ್ಲಿ ಹಾಯಿಸಿ ೯೦ಕ್ಕೆ ಏರಿಸಿ, ಅನಂತರ ಎರಡನ್ನೂ ಕೂಡಿಸಿ ತಂಪು ಪಾನೀಯಗಳಿಗೆ ಬೇಕಾದ ೫೫ರ ಪಾಕವನ್ನು ಪಡೆಯುವರು. ಎಷ್ಟೆಷ್ಟು ಕೂಡಿಸಬೇಕು? ೯೦ರಲ್ಲಿ ೫೫ನ್ನು ಕಳೆದರೆ ೩೫. ೫೫ರಲ್ಲಿ ೪೨ನ್ನು ಕಳೆದರೆ ೧೩. ಕಡಿಮೆ ಗುಣದ್ದು ೩೫ ಪಾಲು, ಹೆಚ್ಚಿನ ಗುಣದ್ದು ೧೩ ಪಾಲು. ಇದು ಎರಡು ವರ್ಣದ ಚಿನ್ನಗಳಿಂದ ಬೇಕಾದ ವರ್ಣವನ್ನು ಪಡೆಯುವ ಹಳೆಯ ಸೂತ್ರವೇ. ಚಿನ್ನ ಹೋಗಿ ಪಾಕ ಬಂದಿದೆ, ಅಷ್ಟೆ. ಹಳೆಯ ಲೆಕ್ಕಕ್ಕೂ ಇಂದಿನ ಕೈಗಾರಿಕೆಗೂ ಸಂಬಂಧವಿಲ್ಲವೆಂಬ ಎರಡನೆಯ ಮಾತೂ ಇಲ್ಲಿ ನಿಲ್ಲಲಾರದು.

೬

ಕಡೆಯದಾಗಿ ಮತ್ತೆ ನಮ್ಮ ಊರುಗಳಿಗೆ ಮರಳೋಣ. ವಾಡಿ, ಸೇಡಂಗಳಂಥ ಊರುಗಳ ಸಿಮೆಂಟು ಕಾರ್ಖಾನೆಗಳಲ್ಲಿ ವರ್ಣಲೇಖನದ ಸ್ತಂಭದಿಂದ ಸಿಮೆಂಟು ಇಳಿಯುವುದಿಲ್ಲ. ಆದರೆ ಬೇರ್ಪಡಿಕೆ ಮಾತ್ರ ಹಗಲಿರುಳೂ ನಡೆಯುವುದು. ಬೀಸುವ ಗಿರಣಿಯಿಂದ ಬಂದ ಪುಡಿಯನ್ನು ಗಾಳಿಯ ಸೆಪರೇಟರು ನುಣುಪು, ತರಿ ಎಂದು ವಿಂಗಡಿಸಿ, ತರಿಯನ್ನು ಮತ್ತೆ ಗಿರಣಿಗೆ ಕಳುಹಿಸುವುದು. ಮನೆಯ ಅಂಗಳದಲ್ಲಿ ತೊಗರಿಯನ್ನು ಮೊರದಲ್ಲಿ ಕೇರುವ ಹೆಣ್ಣುಮಕ್ಕಳ ಕೈಚಳಕವೇ ಇಲ್ಲಿ ಯಂತ್ರವಾಗಿದೆಯೆನ್ನಬಹುದು.

ಲೆಕ್ಕ ತೋರಿಸಲು ಅಂಕೆಗಳನ್ನು ಕಲ್ಪಿಸಿಕೊಳ್ಳೋಣ. ಸೆಪರೇಟರಿಗೆ ಬಂದ ಪುಡಿಯಲ್ಲಿ ನುಣುಪು ನೂರಕ್ಕೆ ೪೫, ಸಿದ್ಧವಾದ ಮಾಲಿನಲ್ಲಿ ೯೫, ಹಿಂದಿರುಗಿದ ತರಿಯಲ್ಲಿ ೨೦ ಇರಲಿ. ೪೫ರಲ್ಲಿ ೨೦ನ್ನು ಕಳೆದರೆ ೨೫; ೯೫ರಲ್ಲಿ ೨೦ನ್ನು ಕಳೆದರೆ ೭೫. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮೂರರಲ್ಲಿ ಒಂದು ಪಾಲು ಮಾಲಾಗಿ ಹೊರಬಿದ್ದಿತೆಂದು ತಿಳಿಯುವುದು. ೧೦೦ ಕಿಲೋವಿನಲ್ಲಿದ್ದ ೪೫ ಕಿಲೋ ನುಣುಪಿನಲ್ಲಿ ಮಾಲಿಗೆ ಸೇರಿದುದು ೩೧.೭ ಕಿಲೋ, ಪ್ರಾಪ್ತಿ ನೂರಕ್ಕೆ ಸುಮಾರು ೭೦. ಮಿಕ್ಕುದು, ಆಗಲೇ ನುಣುಪಾಗಿದ್ದರೂ, ಮತ್ತೆ ಬೀಸಿಸಿಕೊಳ್ಳಲು ಹಿಂದಿರುಗಿ ವಿದ್ಯುಚ್ಛಕ್ತಿಯನ್ನು ವ್ಯರ್ಥವಾಗಿ ತಿನ್ನುವುದು. ಮಾಲಿನ ಶುದ್ಧತೆ ೯೫ ಎಂದು ಕೇಳಿ ಸಂತೋಷಪಟ್ಟವನಿಗೆ ಈ ೭೦ರ ಕಥೆ ತಿಳಿದೇ ಇರುವುದಿಲ್ಲ. ಇದು ಮಹಾವೀರನ ಮಿಶ್ರಣದ ಲೆಕ್ಕವನ್ನೇ ತಿರುಗಿಸಿ ಬರೆದಂತಿದೆ: ಅವನು ಎರಡನ್ನು ಕೂಡಿಸಿ ಒಂದರ ವರ್ಣವನ್ನು ಕೇಳಿದನು, ನಾವು ಒಂದನ್ನು ಎರಡಾಗಿ ಒಡೆದು ಅವುಗಳ ಪಾಲನ್ನು ಕೇಳುತ್ತೇವೆ.

ನಮ್ಮ ನಿರ್ಣಯವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. ಬೇರ್ಪಡಿಕೆಯ ಲೆಕ್ಕಕ್ಕೆ ಎರಡು ಕಾಲುಗಳು. ಹೋದದ್ದು ಬಂದದ್ದು ಸರಿಹೊಂದಬೇಕೆಂಬ ಆಯವ್ಯಯದ ನಿಯಮ ಒಂದು. ಅದು ಈ ನಾಡಿನ ಅರಸನ ಆಶ್ರಯದ ಕಾಲದಲ್ಲಿಯೇ ಚಿನ್ನದ ವಿಷಯವಾಗಿ ಖಚಿತ ರೂಪವನ್ನು ಪಡೆದಿದ್ದಿತು. ಕಾಲವನ್ನೂ ವೇಗವನ್ನೂ ಅಳೆದು ಅಪೂರ್ಣತೆಗೆ ಕಾರಣ ಹೇಳುವ ಸಿದ್ಧಾಂತ ಮತ್ತೊಂದು. ಅದು ಬೇರೆ ದೇಶಗಳಲ್ಲಿ, ಬೇರೆ ಅಗತ್ಯಗಳಿಂದ, ನಮ್ಮ ಕಣ್ಣೆದುರಿಗೆಂಬಷ್ಟು ಇತ್ತೀಚೆಗೆ ಹುಟ್ಟಿತು. ಮೊದಲನೆಯದು ಎರಡನೆಯದಕ್ಕೆ ತಾಯಿಯಲ್ಲ. ಸ್ವೆಟ್ ಆಗಲಿ ಮಾರ್ಟಿನ್ ಆಗಲಿ ಮಾನ್ಯಖೇಟದಿಂದ ಏನನ್ನೂ ಪಡೆಯಲಿಲ್ಲ. ಆದರೆ ಒಂದನ್ನು ಬಿಟ್ಟು ಮತ್ತೊಂದು ನಡೆಯಲಾರದೆಂಬುದನ್ನು ಕಾರ್ಖಾನೆಯ ಅನುಭವವು ತೋರಿಸಿಕೊಟ್ಟಿದೆ.

ಈ ಭಾಗದ ತರುಣರು ಬಹುಸಂಖ್ಯೆಯಲ್ಲಿ ಕಾರ್ಖಾನೆಗಳ ಪರೀಕ್ಷಾಲಯಗಳನ್ನು ಸೇರುತ್ತಾರೆ. ಅವರಿಗೆ ನಾವು ಹೇಳಬಯಸುವುದು ಇಷ್ಟೇ. ಶುದ್ಧತೆಯ ಅಂಕೆಯನ್ನು ಬರೆಯುವಾಗ ಅದರ ಪಕ್ಕದಲ್ಲಿಯೇ ಪ್ರಾಪ್ತಿಯ ಅಂಕೆಯನ್ನೂ ಬರೆಯಿರಿ. ಎರಡೂ ಕೂಡಿ ನೂರು ತುಂಬದ ಪಾಲು ಎಲ್ಲಿಗೆ ಹೋಯಿತೆಂದು ಕೇಳಿರಿ. ಲೆಕ್ಕದ ಪುಸ್ತಕದಿಂದ ಕಾಣೆಯಾದುದು ಲೋಕದಿಂದ ಕಾಣೆಯಾಗುವುದಿಲ್ಲ; ಅದು ಊರಿನ ಗಾಳಿಯಲ್ಲಿ ಧೂಳಾಗಿಯೋ ಕಾಗಿಣೆಯ ನೀರಿನಲ್ಲಿ ಕೆಸರಾಗಿಯೋ ಉಳಿದಿರುವುದು. ಅಕ್ಕಸಾಲಿಗನ ೬ ತೊಲ ೫.೭ ಆದಾಗ ಮಿಕ್ಕ ಮೂರು ದಶಾಂಶ ಎಲ್ಲಿ ಎಂದು ಒಡೆಯನು ಕೇಳುತ್ತಿದ್ದನು. ಆ ಪ್ರಶ್ನೆಯನ್ನು ಕೇಳುವ ಹಕ್ಕು ಈ ನೆಲದವರಿಗೆ ಇಂದಿಗೂ ಉಂಟು.